ಕೋರಂ ಇಲ್ಲದ ಮನೆ

ನಗರಸಭೆ ಕಟ್ಟಡದ ನೆಲಮಹಡಿಯಲ್ಲಿ, ಏಳನೇ ಕೌಂಟರಿನ ಗಾಜಿನ ಹಿಂದೆ ಕೂರುವವಳು ನಾನು. ವಾಹನದ ನೋಂದಣಿ ನವೀಕರಿಸಲು ಮರೆತವರಿಗೆ ದಂಡ ಹಾಕುವುದು ನನ್ನ ಕೆಲಸ. ಹತ್ತೊಂಬತ್ತು ವರ್ಷದಲ್ಲಿ ನಾನು ಕೇಳದ ನೆಪವಿಲ್ಲ. ಊರಲ್ಲಿರಲಿಲ್ಲ ಅನ್ನುವವರು, ನೋಟೀಸನ್ನು ಇಲಿ ಕಡಿಯಿತು ಅನ್ನುವವರು, ಯಾವುದೂ ಹೊಳೆಯದೆ ಬರೀ ಹಲ್ಲು ಕಿರಿಯುವವರು. ಒಬ್ಬ ಪುಣ್ಯಾತ್ಮ ಒಂದೇ ಅಜ್ಜಿಯನ್ನು ಮೂರು ವರ್ಷ ಸತತವಾಗಿ ಸಾಯಿಸಿದ. ಬೆನ್ನ ಹಿಂದೆ ನನ್ನನ್ನು ದಂಡದಮ್ಮ ಅನ್ನುತ್ತಾರೆ. ಅನ್ನಲಿ, ನನ್ನ ಗಂಟೇನು ಹೋಗುತ್ತದೆ.

ನಾನು ಹೇಳಹೊರಟಿದ್ದು ಮೇಲಿನ ಮಹಡಿಯ ನಡಾವಳಿಯವರ ವಿಷಯ. ಸಭೆಯಲ್ಲಿ ಯಾರು ಏನಂದರು, ಏನು ತೀರ್ಮಾನವಾಯಿತು ಎಂದು ಬರೆದಿಡುವುದು ಅವರ ಉದ್ಯೋಗ. ಮೂವತ್ತೊಂದು ವರ್ಷ ಅದನ್ನೇ ಮಾಡಿ ಮಾಡಿ ನಡಾವಳಿ ಅನ್ನುವುದೇ ಅವರ ಹೆಸರಾಗಿಬಿಟ್ಟಿತ್ತು. ಸದಸ್ಯರು ಬಾಯಿಗೆ ಬಂದಂತೆ ಬೈದಾಡಿದರೆ ಅವರು "ಭಿನ್ನಾಭಿಪ್ರಾಯ ವ್ಯಕ್ತವಾಯಿತು" ಎಂದು ಬರೆಯುತ್ತಿದ್ದರು. ಒಂದು ಸಲ ಕುರ್ಚಿಯೇ ಹಾರಿತು. "ಚರ್ಚೆ ಬಿರುಸುಗೊಂಡಿತು" ಎಂದು ಬರೆದರು. ಅವರಿಗೆ ಸ್ವಂತ ಅಭಿಪ್ರಾಯವೊಂದಿದೆ ಎಂದು ಯಾರಿಗೂ ಅನ್ನಿಸಿರಲಿಲ್ಲ. ಕ್ಯಾಂಟೀನಿನಲ್ಲಿ ಕಾಫಿಯೋ ಟೀಯೋ ಎಂದು ಕೇಳಿದರೂ ಎರಡು ಕಡೆಯವರ ವಾದ ಕೇಳಿ ಮುಗಿಸುವವರಂತೆ ಸುಮ್ಮನೆ ನಿಲ್ಲುತ್ತಿದ್ದರು.

ಅವರ ಹೆಂಡತಿ ಇದಕ್ಕೆ ಪೂರ್ತಿ ಉಲ್ಟಾ. ಡ್ರೈವಿಂಗ್ ಕಲಿಸುತ್ತಿದ್ದರು. ಊರಿನ ಅರ್ಧ ಜನಕ್ಕೆ ಸ್ಟಿಯರಿಂಗ್ ಹಿಡಿಸಿದವರು, ನನಗೂ ಅವರೇ. ನಾವೆಲ್ಲ ಅಕ್ಕ ಅನ್ನುತ್ತಿದ್ದೆವು. ಗಂಡನಿಗೆ ಮಾತ್ರ ಕಲಿಸಲಾಗಲಿಲ್ಲ. "ಅಲ್ಲಾ ಕಣೇ, ನಾಲ್ಕು ರಸ್ತೆ ಕೂಡೋ ಕಡೆ ಬಂದ್ರೆ ಸಾಕು, ಎಡಕ್ಕೋ ಬಲಕ್ಕೋ ಅನ್ನೋದನ್ನ ಮುಂದಿನ ಸಭೆಗೆ ಮುಂದೂಡ್ತಾರೆ" ಎಂದು ಹೇಳಿ ತಾವೇ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಕಳೆದ ವರ್ಷ ಮೂರೇ ವಾರದ ಕಾಯಿಲೆಯಲ್ಲಿ ಅಕ್ಕ ಹೋಗಿಬಿಟ್ಟರು. ಮಕ್ಕಳಿರಲಿಲ್ಲ. ನಡಾವಳಿಯವರು ನಾಲ್ಕು ದಿನ ರಜೆ ಹಾಕಿ ಐದನೇ ದಿನ ಬಂದು ತಮ್ಮ ಮೇಜಿನ ಮುಂದೆ ಕೂತರು. ಗಂಡಸು ಗಟ್ಟಿ ಎಂದು ನಾವೆಲ್ಲ ಮಾತಾಡಿಕೊಂಡೆವು. ನಮಗೆ ಅಷ್ಟೇ ಗೊತ್ತಾಗುವುದು.

ಏಳೆಂಟು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅವರು ನನ್ನ ಕೌಂಟರಿನ ಸಾಲಿನಲ್ಲಿ ನಿಂತಿದ್ದರು. ಕೈಯಲ್ಲಿ ಹಳದಿ ಚೀಟಿ. ಮನೆ ಮುಂದೆ ನಿಂತಿದ್ದ ಅಕ್ಕನ ಸಣ್ಣ ನೀಲಿ ಕಾರಿನ ಗಾಜಿಗೆ ಯಾರೋ ಅಂಟಿಸಿ ಹೋಗಿದ್ದರು. ನೋಂದಣಿ ಮುಗಿದು ಐದು ತಿಂಗಳಾಗಿತ್ತು.

"ಮೂರು ಸಲ ನೋಟೀಸ್ ಕಳಿಸಿದ್ದೀವಲ್ಲ ಸಾರ್?" ಅಂದೆ.

"ಬಂದಿತ್ತೇನೋ. ಅವಳ ಹೆಸರಿಗೆ ಬಂದ ಕಾಗದ ನಾನು ಒಡೆಯಲ್ಲ ಮೇಡಂ. ಯಾವತ್ತೂ ಒಡೆದಿಲ್ಲ. ತಂದು ಅವಳ ಜಾಗದಲ್ಲಿ ಇಟ್ಟುಬಿಡ್ತೀನಿ."

ಇಂಥ ನೆಪ ನಾನು ಕೇಳಿರಲಿಲ್ಲ. ಆದರೂ ಕಾನೂನು ಕಾನೂನೇ. ದಂಡದ ರಸೀದಿ ಹರಿದು ಕೊಟ್ಟು, ತೀರಿಕೊಂಡವರ ಹೆಸರಿನಲ್ಲಿ ನವೀಕರಣ ಆಗುವುದಿಲ್ಲ, ಮೂರು ತಿಂಗಳೊಳಗೆ ಕಾರನ್ನು ಅವರ ಹೆಸರಿಗೆ ಮಾಡಿಸಿಕೊಳ್ಳಬೇಕು, ಇಲ್ಲದಿದ್ದರೆ ಎತ್ತಿಕೊಂಡು ಹೋಗುತ್ತಾರೆ ಎಂದು ಒಂದೇ ಉಸಿರಿನಲ್ಲಿ ಒದರಿದೆ. ಹೆಸರು ಬದಲಾವಣೆಯ ಫಾರಂ ಗಾಜಿನ ಕೆಳಗಿಂದ ತಳ್ಳಿದೆ.

ಅವರು ಅದನ್ನು ಮುಟ್ಟಲಿಲ್ಲ. "ಬ್ಯಾಂಕಲ್ಲಿ ತೆಗೆಸಿದೆ. ಕರೆಂಟ್ ಬಿಲ್ಲಲ್ಲಿ ತೆಗೆಸಿದೆ. ಮನೆ ಪತ್ರದಲ್ಲೂ ತೆಗೆಸಿಬಿಟ್ಟೆ. ಅವಳ ಹೆಸರು ಉಳಿದಿರೋದು ಇದೊಂದರಲ್ಲೇ ಮೇಡಂ. ದಂಡ ಎಷ್ಟಾದ್ರೂ ಕಟ್ತೀನಿ, ಹೆಸರು ಹಾಗೇ ಇರೋ ಥರ ಮಾಡೋಕಾಗಲ್ವಾ?"

"ಆಗಲ್ಲ ಸಾರ್."

ಹಿಂದೆ ನಿಂತಿದ್ದವನು ಬೇಗ ಬೇಗ ಎಂದು ಗೊಣಗಿದ. ನಡಾವಳಿಯವರು ಫಾರಂ ಮಡಚಿ ಜೇಬಿಗಿಟ್ಟುಕೊಂಡು ಮೆಟ್ಟಿಲು ಹತ್ತಿದರು. ಮೇಲೆ ಅವತ್ತು ನಲ್ಲಿ ದೊರೆಯ ಸಭೆಯಿತ್ತು.

ನಲ್ಲಿ ದೊರೆ ಎಂದರೆ ಚೌಕದ ನಡುವೆ ಕೈ ಚಾಚಿ ನಿಂತಿದ್ದ ಪ್ರತಿಮೆ. ನೂರು ವರ್ಷದ ಹಿಂದೆ ಊರಿನ ಮನೆಮನೆಗೆ ನಲ್ಲಿ ನೀರು ತಂದ ಪುಣ್ಯಾತ್ಮ. ಆ ನೀರಿಗೆ ಜಲಾಶಯ ಕಟ್ಟಲು ಮುನ್ನೂರು ಕುಟುಂಬಗಳನ್ನು ಒಂದೇ ವಾರದಲ್ಲಿ ಕೋಲಿನಿಂದ ಹೊಡೆದು ಎಬ್ಬಿಸಿದ ಪಾಪಾತ್ಮನೂ ಅವನೇ. ಪ್ರತಿಮೆ ಇರಲಿ ಎಂದು ಅರ್ಧ ಊರು, ಕೆಡವಿ ಎಂದು ಇನ್ನರ್ಧ. ಎರಡು ಪಾರಿವಾಳ ಬಿಟ್ಟರೆ ಮಿಕ್ಕವರಾರೂ ಆ ಕಲ್ಲಿನ ಕಡೆ ತಿರುಗಿಯೂ ನೋಡಿರಲಿಲ್ಲ; ಈಗ ಅವನ ಹೆಸರೆತ್ತಿದರೆ ಅಣ್ಣ ತಮ್ಮಂದಿರೇ ಮಾತು ಬಿಡುವ ಹಾಗಾಗಿತ್ತು. ಸಭೆ ಮೇಲೆ ಸಭೆ. ಒಂದು ಸಲ ಈ ಪಕ್ಷದವರು ಎದ್ದು ಹೋಗುವುದು, ಇನ್ನೊಂದು ಸಲ ಆ ಪಕ್ಷದವರು. ಸಭೆ ನಡೆಯಲು ಇಷ್ಟು ಜನ ಇರಲೇಬೇಕೆಂಬ ಲೆಕ್ಕವಿದೆಯಲ್ಲ, ಅದೇ ಕೋರಂ. ಅದು ಇಲ್ಲವೆಂದು ಮುಂದೂಡುವುದು. ನಡಾವಳಿಯವರು ತಲೆ ಎತ್ತದೆ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು.

ತಿಂಗಳಿಗೊಮ್ಮೆ ಕೆಳಗಿಳಿದು ಬಂದು ದಂಡ ಕಟ್ಟುತ್ತಿದ್ದರು. ಫಾರಂ ತರುತ್ತಿರಲಿಲ್ಲ. ನಾನು ಕೇಳಿದರೆ "ವಿಷಯ ಚರ್ಚೆಯಲ್ಲಿದೆ ಮೇಡಂ" ಅನ್ನುತ್ತಿದ್ದರು. ಯಾರ ಹತ್ತಿರ ಚರ್ಚೆ ಎಂದು ನನಗೆ ಸಿಟ್ಟು ಬರುತ್ತಿತ್ತು. ಕಾರು ಓಡಿಸಲು ಬರದ ಮನುಷ್ಯನಿಗೆ ಕಾರೇಕೆ ಎಂದೂ ಅನ್ನಿಸುತ್ತಿತ್ತು. ಒಂದು ಭಾನುವಾರ ಅವರ ಬೀದಿಯಲ್ಲಿ ಹಾದುಹೋಗುವಾಗ ನೋಡಿದೆ. ಕಾರು ಒರೆಸಿ ಫಳಫಳ ಮಾಡಿ, ಡ್ರೈವರಿನ ಪಕ್ಕದ ಸೀಟಿನಲ್ಲಿ ಕೂತು ಪೇಪರ್ ಓದುತ್ತಿದ್ದರು. ಬಾಗಿಲು ಹಾಕಿತ್ತು, ಬೆಲ್ಟೂ ಕಟ್ಟಿಕೊಂಡಿದ್ದರು. ನನ್ನನ್ನು ನೋಡಿಬಿಟ್ಟಾರೆಂದು ನಾನೇ ತಲೆ ತಗ್ಗಿಸಿ ಬೇಗ ಬೇಗ ನಡೆದೆ.

ಮೂರನೇ ತಿಂಗಳ ಕೊನೆಯ ವಾರ ಪ್ರತಿಮೆಯ ಕಡೆಯ ಸಭೆ ನಡೆಯಿತು. ಸಾರ್ವಜನಿಕರೂ ಮಾತಾಡಬಹುದು ಎಂದಿದ್ದರಿಂದ ಹಾಲ್ ಕಿಕ್ಕಿರಿದಿತ್ತು. ನಾನೂ ಊಟದ ಬಿಡುವಿನಲ್ಲಿ ಹೋಗಿ ಹಿಂದೆ ನಿಂತೆ. ನಿವೃತ್ತ ಇತಿಹಾಸದ ಮೇಷ್ಟ್ರೊಬ್ಬರು ಅರ್ಧ ಗಂಟೆ ಕೊರೆದು, "ಈ ಪ್ರತಿಮೆ ಕೆಳಗಿಳಿಸಿದ ದಿನ ನಾವು ನಮ್ಮ ಇತಿಹಾಸ ಮರೆತ ಹಾಗೆ" ಎಂದು ಮುಗಿಸಿದರು. ಚಪ್ಪಾಳೆ ಬಿತ್ತು. ಆಮೇಲೆ ಇಸ್ತ್ರಿ ಅಂಗಡಿಯ ಅಜ್ಜಿ ಎದ್ದು ನಿಂತರು. ಅವರ ತಾಯಿ ಜಲಾಶಯದಲ್ಲಿ ಮುಳುಗಿದ ಮನೆಯವಳು.

"ಮೇಷ್ಟ್ರೇ, ನಮ್ಮಮ್ಮ ನಲ್ಲಿ ತಿರುಗಿಸಿದಾಗೆಲ್ಲ, ಈ ನೀರು ನಮ್ಮನೆ ಮೇಲಿಂದ ಬಂದಿದ್ದು ಅನ್ನೋಳು. ಸಾಯೋವರೆಗೂ ಅಂದ್ಲು. ಅವಳ ನೆನಪಿಗೆ ಯಾರೂ ಕಲ್ಲು ಕೆತ್ತಿಸಿ ಕೊಟ್ಟಿರ್ಲಿಲ್ಲ. ಮರೆಯೋಕಾಗದೇ ಇರೋದಕ್ಕೆ ಕಲ್ಲು ಯಾಕಪ್ಪಾ ಬೇಕು?"

ಚಪ್ಪಾಳೆ ಬೀಳಲಿಲ್ಲ. ನಾನು ಸುಮ್ಮನೆ ನಡಾವಳಿಯವರ ಕಡೆ ನೋಡಿದೆ. ಅವರು ಬರೆಯುತ್ತಿರಲಿಲ್ಲ. ಪೆನ್ನು ಹಾಳೆಯ ಮೇಲೆಯೇ ಇತ್ತು, ಅವರು ಅಜ್ಜಿಯನ್ನು ನೋಡುತ್ತಿದ್ದರು. ಅಧ್ಯಕ್ಷರು ಎರಡು ಸಲ "ಬರ್ಕೊಂಡ್ರಾ?" ಎಂದು ಕೇಳಬೇಕಾಯಿತು. ಸಂಜೆಯ ಹೊತ್ತಿಗೆ ಪ್ರತಿಮೆಯನ್ನು ಚೌಕದಿಂದ ಹಳೆಯ ಪಂಪ್‌ಹೌಸಿಗೆ ಸಾಗಿಸುವುದೆಂದು ತೀರ್ಮಾನವಾಯಿತು.

ಮರುದಿನ ಕೌಂಟರ್ ತೆರೆಯುವುದಕ್ಕೆ ಮುಂಚೆಯೇ ನಡಾವಳಿಯವರು ನಿಂತಿದ್ದರು. ಕಾಗದದ ಕಟ್ಟೊಂದನ್ನು ಗಾಜಿನಡಿ ತೂರಿಸಿ, "ಫಾರಂ ತುಂಬಿದ್ದೀನಿ, ಒಂದು ಸಲ ನೋಡಿ" ಎಂದು ಹೇಳಿ ಮೇಲೆ ಹೋದರು. ಫಾರಂ ಸರಿಯಾಗಿತ್ತು, ಸಹಿ ಇರಲಿಲ್ಲ. ಅದರ ಹಿಂದೆ ಬೇರೆ ಹನ್ನೊಂದು ಹಾಳೆಗಳೂ ಸೇರಿಕೊಂಡು ಬಂದಿದ್ದವು. ಮುತ್ತಿನಂಥ ಅಕ್ಷರ. ಮೊದಲನೆಯದನ್ನು ಓದಿದೆ.

"ಸ್ಥಳ: ಅಡುಗೆಮನೆ. ವಾರ: ಭಾನುವಾರ. ವಿಷಯ: ಕಾರಿನ ನೋಂದಣಿಯಿಂದ ಮನೆಯೊಡತಿಯ ಹೆಸರು ತೆಗೆಯುವ ಬಗ್ಗೆ. ಹಾಜರಿ: ಒಬ್ಬರು. ಗೈರುಹಾಜರಿ: ಒಬ್ಬರು. ಕೋರಂ ಇಲ್ಲದ ಕಾರಣ ಸಭೆಯನ್ನು ಮುಂದಿನ ಭಾನುವಾರಕ್ಕೆ ಮುಂದೂಡಲಾಯಿತು."

ಎರಡನೆಯದೂ ಅದೇ. ಮೂರನೆಯದೂ ಅದೇ. ಹನ್ನೊಂದು ಭಾನುವಾರ. ಒಂದರ ಕೆಳಗೆ ಮಾತ್ರ "ಇತರೆ ವಿಷಯ: ಗ್ಯಾಸ್ ಮುಗಿದಿದೆ" ಎಂದಿತ್ತು. ನನಗೆ ಮೊದಲು ನಗು ಬಂತು. ಪಕ್ಕದ ಕೌಂಟರಿನವಳಿಗೆ ತೋರಿಸೋಣ ಎಂದು ಎದ್ದವಳು ಹಾಗೇ ಕೂತೆ. ಕಣ್ಣೀರು ಯಾವಾಗ ಬಂತೋ ಗೊತ್ತಾಗಲಿಲ್ಲ. ಸಾಲಿನ ಮೊದಲನೆಯವನು ತನ್ನ ದಂಡ ನೋಡಿ ನಾನು ಅಳುತ್ತಿದ್ದೇನೆ ಎಂದುಕೊಂಡು ಹೆದರಿಬಿಟ್ಟ.

ಊಟದ ಹೊತ್ತಿಗೆ ಹಾಳೆಗಳನ್ನು ಮೇಲೆ ಒಯ್ದು ಕೊಟ್ಟೆ. ಅವರ ಮುಖ ಕೆಂಪಾಯಿತು.

"ತಪ್ಪಾಗಿ ಸೇರಿಬಿಟ್ಟಿದೆ ಮೇಡಂ. ಇದು ಮನೆದು. ಮನೇಲಿ ಯಾವುದನ್ನೇ ಆಗಲಿ ಇಬ್ಬರೂ ಕೂತು ತೀರ್ಮಾನ ಮಾಡ್ತಿದ್ವಿ. ಅವಳು ಹೇಳೋಳು, ನಾನು ಬರೆಯೋನು. ಈಗ ಒಬ್ಬನೇ ಮಾಡಿದ್ರೆ ಅವಳಿಗೆ ಮೋಸ ಮಾಡಿದ ಹಾಗಾಗುತ್ತೆ." ಹಾಳೆಗಳನ್ನು ಅಂಚು ಕೂಡುವ ಹಾಗೆ ಜೋಡಿಸಿಕೊಳ್ಳುತ್ತಾ, "ನಿನ್ನೆ ಆ ಅಜ್ಜಿ ಹೇಳಿದ್ದು ಕೇಳಿ, ಮಾಡ್ಬಿಡೋಣ ಅನ್ನಿಸ್ತು. ಫಾರಂ ತುಂಬಿದೆ. ಸಹಿಗೆ ಕೈ ಏಳ್ತಿಲ್ಲ" ಅಂದರು.

"ಕೋರಂಗೆ ಎಷ್ಟು ಜನ ಬೇಕು ಸಾರ್?"

"ಇಬ್ಬರು."

"ಈ ಭಾನುವಾರ ನಾನು ಬರ್ತೀನಿ."

"ನೀವು ಸದಸ್ಯರಲ್ವಲ್ಲ ಮೇಡಂ" ಅಂದರು, ತಮಾಷೆಗಲ್ಲ.

"ಅಕ್ಕನ ಶಿಷ್ಯೆ. ವಿಶೇಷ ಆಹ್ವಾನಿತೆ ಅಂತ ಬರ್ಕೊಳ್ಳಿ."

"ವಿಶೇಷ ಆಹ್ವಾನಿತರನ್ನ ಕೋರಂಗೆ ಲೆಕ್ಕ ಹಿಡಿಯಲ್ಲ."

"ಹಾಗಾದ್ರೆ ಸದಸ್ಯೆ ಅಂತ ನೇಮಿಸ್ಕೊಳ್ಳಿ ಸಾರ್, ನನ್ನ ತಲೆ ತಿನ್ಬೇಡಿ!" ಎಂದು ರೇಗಿದೆ. ಅವರು ಗಂಭೀರವಾಗಿ ಯೋಚಿಸಿ, ಆಗಬಹುದು ಅಂದರು.

ಭಾನುವಾರ ಹತ್ತು ಗಂಟೆಗೆ ಹೋದೆ. ಅಡುಗೆಮನೆಯಲ್ಲಿ ಸಣ್ಣ ಮೇಜು, ಎರಡು ಕುರ್ಚಿ. ಎರಡನೇ ಕುರ್ಚಿಯ ಮೇಲೆ ಒಡೆಯದ ಲಕೋಟೆಗಳ ರಾಶಿ. ನಾನು ಕಳಿಸಿದ ಮೂರು ನೋಟೀಸುಗಳೂ ಅದರಲ್ಲಿದ್ದವು. ಅವರು ರಾಶಿಯನ್ನು ಎರಡೂ ಕೈಯಿಂದ ಎತ್ತಿ, ಎಲ್ಲಿಡುವುದೆಂದು ಸುತ್ತ ನೋಡಿ, ಕೊನೆಗೆ ಕಿಟಕಿಯ ಕಟ್ಟೆಯ ಮೇಲಿಟ್ಟರು. ನಾನು ಕೂತೆ. ಕುರ್ಚಿಯ ಒಂದು ಕಾಲು ಅಲುಗುತ್ತಿತ್ತು.

ಅವರು ವಿಷಯ ಓದಿದರು. ಪರವಾಗಿ ಯಾರಾದರೂ ಮಾತಾಡುವುದಿದೆಯೇ ಎಂದು ಕೇಳಿದರು. ಅಕ್ಕ ಇದ್ದಿದ್ದರೆ ಇಷ್ಟು ದಂಡ ಕಟ್ಟಿದ್ದಕ್ಕೆ ನಿಮ್ಮನ್ನು ಸುಮ್ಮನೆ ಬಿಡುತ್ತಿರಲಿಲ್ಲ ಅಂದೆ. ಅವರಿಗೆ ನಗು ಬಂತು. ಅಷ್ಟು ವರ್ಷದಲ್ಲಿ ನಾನು ಅವರ ನಗು ನೋಡಿದ್ದು ಅದೇ ಮೊದಲು. ವಿರೋಧವಾಗಿ ಎಂದು ಕೇಳಿ, ಕಿಟಕಿಯ ಕಡೆ, ಆ ಲಕೋಟೆಗಳ ಕಡೆ ನೋಡಿದರು. ಆಮೇಲೆ ಕೈ ಎತ್ತಿದರು. ನಾನೂ ಎತ್ತಿದೆ.

ನಡಾವಳಿ ಬರೆಯಲು ಕೂತರು. ಸ್ಥಳ ಬರೆದರು, ವಿಷಯ ಬರೆದರು. ಹಾಜರಿ: ಇಬ್ಬರು. ಗೈರುಹಾಜರಿ ಎಂದು ಬರೆದು ನಿಂತರು. ಗೈರು ಎಂದರೆ ಇವತ್ತು ಬಂದಿಲ್ಲ, ನಾಳೆ ಬಂದಾರು ಎಂದು. ಹನ್ನೊಂದು ವಾರ ಅವರು ಅಕ್ಕನನ್ನು ಹಾಗೆ ಇಟ್ಟುಕೊಂಡಿದ್ದರು. ನಾನು ಬೇರೆ ಕಡೆ ನೋಡುತ್ತಾ ಕೂತೆ. ತುಂಬ ಹೊತ್ತಿನ ಮೇಲೆ ಪೆನ್ನಿನ ಸದ್ದಾಯಿತು. "ಯಾರೂ ಇಲ್ಲ" ಎಂದು ಬರೆದು, ಫಾರಮಿಗೂ ಸಹಿ ಹಾಕಿ, ಎರಡನ್ನೂ ನನ್ನ ಕಡೆ ಸರಿಸಿದರು.

ಬಾಗಿಲ ತನಕ ಬಂದರು. ನಾನು ಚಪ್ಪಲಿ ಮೆಟ್ಟುತ್ತಿರುವಾಗ, "ಮುಂದಿನ ಭಾನುವಾರ ಬರ್ತೀರಾ? ವಿಷಯ ಅಂತೇನೂ ಇಲ್ಲ" ಅಂದರು.

"ನೋಡೋಣ ಸಾರ್" ಅಂದೆ.

ನಾನೂ ಒಬ್ಬಳೇ ಇರುವವಳು. ಅವರ ಅಡುಗೆಮನೆಯ ನಿಶ್ಶಬ್ದ ನನ್ನ ಮನೆಯದೇ ಅನ್ನಿಸಿ ಒಳಗೊಳಗೇ ಹೆದರಿಕೆಯಾಗಿತ್ತು. ಮುಂದಿನ ಭಾನುವಾರ ನನಗೆ ಕೆಲಸವೇನೂ ಇರಲಿಲ್ಲ. ಒಗೆದ ಬಟ್ಟೆ ಮಡಚಿದೆ, ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದೆ. ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ಹೋಗಲಿಲ್ಲ.

ಸೋಮವಾರ ಮೆಟ್ಟಿಲ ಹತ್ತಿರ ಎದುರಾದರು. ನಾನು ಬಾಯಿ ತೆರೆಯುವ ಮೊದಲೇ, "ನಿನ್ನೆ ಏನೋ ಕೆಲಸ ಬಂದಿರಬೇಕು ನಿಮಗೆ" ಅಂದರು.

"ಹೌದು ಸಾರ್" ಅಂದೆ.

"ಪರವಾಗಿಲ್ಲ ಮೇಡಂ" ಎಂದು ಮೇಲೆ ಹೋದರು. ಮತ್ತೆ ಯಾವತ್ತೂ ಕರೆಯಲಿಲ್ಲ.