ಆಕಳ ಬಾಜು ಕೂತ ಮಧ್ಯಾಹ್ನ

ನಮ್ಮ ಓಣಿಯ ಕುರಿ ಕಾಯುವವನಿಗೆ ಯಾವ ದನದ ಚಿಂತೆ ಹೇಳಿದರೂ ಒಂದೇ ಮಾತು: "ಮೊದಲ ಅಲ್ಲಿ ಕುಂತು ನೋಡ್ರಿ." ತಾನೂ ಕೂತು ದನದ ಪಕ್ಕೆ ಏರಿಳಿಯುವುದನ್ನೇ ನೋಡುತ್ತಿದ್ದ. ಬೀಡಿ ಬೆರಳಲ್ಲೇ ಆರಿ ಹೋಗುತ್ತಿತ್ತು.

ಒಂದು ಬೇಸಿಗೆ ನನ್ನ ಆಕಳು ಮೇವು ಬಿಟ್ಟಿತು, ಹಾಲು ಅರ್ಧಕ್ಕಿಳಿಯಿತು. ದೃಷ್ಟಿ ಎಂದು ಮೆಣಸಿನಕಾಯಿ ನಿವಾಳಿಸಿದೆ, ಆಗಲಿಲ್ಲ. ಕೊಹೀರದ ಸಂತೆಗೆ ಹೊಡೆದುಕೊಂಡು ಹೋಗಿ ಮಾರಿಬಿಡುವುದೆಂದು ಗಟ್ಟಿ ಮಾಡಿದೆ.

ಅದನ್ನು ಕೇಳಿ ಅವನು ನಡುಮಧ್ಯಾಹ್ನವೇ ಬಂದ. ಬಿಸಿಲು ಬೀಳಬಾರದೆಂದು ತಗಡಿನ ಕೊಟ್ಟಿಗೆಗೆ ನಾಲ್ಕೂ ಕಡೆ ನಾನು ತಾಡಪಾಲು ಕಟ್ಟಿದ್ದೆ.

"ಅಕ್ಕಾ, ನಿಮ್ಮ ಊಟ ಇಲ್ಲೇ ತರ್ರಿ. ಆಕಳ ಬಾಜೂಕ ಕುಂತು ಉಣ್ರಿ."

"ತಲಿ ಕೆಟ್ಟದೇನೋ ತಮ್ಮಾ ನಿನಗ?"

ಅವನ ಹಟಕ್ಕೆ ಊಟ ತಂದು ಕೂತೆ. ಒಳಗಿನ ಧಗೆಗೆ ಬೆವರಿಳಿದು, ಎರಡನೆಯ ತುತ್ತಿಗೇ ತಟ್ಟೆ ಸರಿಸಿದೆ.

"ನಿಮಗ ರೊಟ್ಟಿ ಇಳೀವಲ್ದು, ಅದಕ್ಕ ಮೇವು ಹ್ಯಾಂಗ ಇಳೀತದ್ರಿ?"

ತಾಡಪಾಲು ಬಿಚ್ಚಿ ಗಾಳಿಗೆ ದಾರಿ ಮಾಡಿದ. ತಗಡಿನ ಮೇಲೆ ಜೋಳದ ಕಣಿಕೆಯ ಒಣ ದಂಟು ಹೊದಿಸಿದ, ನೀರಿನ ತೊಟ್ಟಿಯನ್ನು ನೆರಳಿಗೆ ಎಳೆದ. ಮೇವನ್ನು ನಸುಕಿನಲ್ಲಿ ಮತ್ತು ಹೊತ್ತು ಮುಳುಗಿದ ಮೇಲೆ ಹಾಕಲು ಹೇಳಿದ.

ಸಂತೆಯ ದಿನ ನಸುಕಿನಲ್ಲೇ ಹಗ್ಗ ಹಿಡಿದು ಕೊಟ್ಟಿಗೆಗೆ ಹೋದೆ. ಆಕಳು ಮೇವಿನಿಂದ ತಲೆ ಎತ್ತಲಿಲ್ಲ. ಅವನು ಕುರಿ ಹೊಡೆದುಕೊಂಡು ಬಂದ.

"ಸಂತಿಗೆ ಹೊಂಟೀರೇನ್ರಿ ಅಕ್ಕಾ?"

"ರೊಟ್ಟಿ ಬಡ್ಯಾಕ ಹೊಂಟೀನಿ. ನಿನಗೂ ಎರಡು ಬಡೀತೀನಿ. ಹೊರಗ ಗಾಳಿಗೆ ಕುಂಡ್ರು."