ಅತ್ತೆ ಆರಿಸಿದ ಗಾಡಿ

ನಮ್ಮ ಸೋದರತ್ತೆಯ ಬಲಗಣ್ಣಿನ ರೆಪ್ಪೆ ಪೂರ್ತಿ ಮೇಲೇಳುತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಹೋರಿಯೊಂದು ಕೊಂಬು ಬೀಸಿ ಹುಬ್ಬು ಸೀಳಿತ್ತಂತೆ. ಗಾಯ ಮಾಯಿತು, ರೆಪ್ಪೆ ಮಾತ್ರ ಅರ್ಧಕ್ಕೇ ನಿಂತಿತು. ಹಾಗಾಗಿ ಅವಳು ಯಾರನ್ನು ನೋಡಿದರೂ, ನೀನು ಹೇಳುತ್ತಿರುವುದು ನಿಜವೇನು ಎಂದು ಕೇಳುವ ಹಾಗೆಯೇ ಕಾಣುತ್ತಿತ್ತು. ನೆಂಟರು, ಅಂಗಡಿಯವರು, ಓಟು ಕೇಳಲು ಬಂದವರು, ಎಲ್ಲರೂ ಆ ಕಣ್ಣಿನ ಎದುರು ಒಂದು ಮಾತು ಹೆಚ್ಚಿಗೆ ಆಡಿ ಸಿಕ್ಕಿಬೀಳುತ್ತಿದ್ದರು. ಆದರೆ ಕಣ್ಣನ್ನಷ್ಟೇ ದೂರಿ ಪ್ರಯೋಜನವಿಲ್ಲ. ಎರಡೂ ನೆಟ್ಟಗಿದ್ದಿದ್ದರೂ ಅತ್ತೆ ಯಾರನ್ನೂ ನಂಬುತ್ತಿರಲಿಲ್ಲ.

ಮೊಳಕಾಲ್ಮುರು ಕಡೆಯ ನಮ್ಮೂರಿನಿಂದ ಅವಳನ್ನು ಚಳ್ಳಕೆರೆ ಸೀಮೆಗೆ, ದೊಡ್ಡಉಳ್ಳಾರ್ತಿ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲ, ಮಾವ ಬೇಗ ಹೋದ. ಉಳಿದದ್ದು ಊರಾಚೆ ಜಾಲಿಮುಳ್ಳಿನ ಬೇಲಿ ಹಾಕಿದ ರೊಪ್ಪ, ಅದರೊಳಗಿನ ದನಗಳು. ಎಷ್ಟು ದನಗಳು ಎಂದು ಯಾರಿಗೂ ಹೇಳುತ್ತಿರಲಿಲ್ಲ. ಎಣಿಸಲು ಬೆರಳೆತ್ತಿದರೆ ಬೆರಳಿಗೇ ಏಟು ಬೀಳುತ್ತಿತ್ತು. "ಎಷ್ಟವೆ ಅಮ್ಮ?" ಎಂದು ಯಾರಾದರೂ ಕೇಳಿದರೆ "ಅವೆ" ಎನ್ನುತ್ತಿದ್ದಳು, ಅಷ್ಟೇ.

ನಾಯಕನಹಟ್ಟಿಯಲ್ಲಿ ಹಿಂಡಿ ಕೊಳ್ಳುವಾಗ ಮೂಟೆಯೊಳಗೆ ಮೊಣಕೈವರೆಗೂ ಕೈ ಇಳಿಸಿ, ತಳದಲ್ಲಿದ್ದುದನ್ನು ತೆಗೆದು ತಾನೇ ಬಾಯಿಗೆ ಹಾಕಿಕೊಂಡು ನೋಡುತ್ತಿದ್ದಳು. ಅಂಗಡಿಯವನು ಮುಖ ಕಿವುಚಿದರೆ "ನನ್ ದನ ತಿನ್ನೋದನ್ನ ನಾನು ತಿಂದ್ರೆ ನಿಂಗೇನಪ್ಪ ನೋವು?" ಎನ್ನುವಳು. ಬೆಳ್ಳಗಿರೋದೆಲ್ಲ ಹಾಲಲ್ಲ ಎಂಬುದು ಅವಳ ಮಾತುಮಾತಿಗೂ ಬರುತ್ತಿತ್ತು. ಮನುಷ್ಯರ ಜೊತೆ ಖಾರದ ಕನ್ನಡ. ತವರಿನ ತೆಲುಗೇನಿದ್ದರೂ ದನಗಳಿಗೆ ಮೀಸಲು. "ರಾ ತಲ್ಲೀ, ರಾ" ಎಂದು ಅವಳು ಕರೆದರೆ ಮುದಿ ಹಸುಗಳೂ ಕರುಗಳಂತೆ ಓಡಿ ಬರುತ್ತಿದ್ದವು. ಆ ದನಿಯಲ್ಲಿ ನನ್ನನ್ನು ಒಂದು ದಿನವೂ ಕರೆದವಳಲ್ಲ. ನನಗೆ ಅದೊಂದು ಹೊಟ್ಟೆಕಿಚ್ಚು ಇದ್ದೇ ಇತ್ತು.

ನಾನು ಪಿಯುಸಿಗೇ ಓದು ಸಾಕೆನಿಸಿ ಅವಳ ಮನೆ ಸೇರಿದವನು. ಹಾಲು ಕರೆದು ಡೇರಿಗೆ ಹಾಕುವುದು, ಮೇವು ತರುವುದು ನನ್ನ ಕೆಲಸ. ದನ ಮೇಯುತ್ತಿದ್ದ ಕಾವಲಿನ ಬಹುಪಾಲಿಗೆ ಕಾಂಪೌಂಡು ಎದ್ದ ಮೇಲೆ ದನ ಹುಲ್ಲಿನ ಹತ್ತಿರ ಹೋಗುವುದು ನಿಂತು, ಹುಲ್ಲೇ ದನದ ಹತ್ತಿರ ಬರಬೇಕಾಯಿತು. ಶೇಂಗಾ ಹೊಟ್ಟು, ಮೆಕ್ಕೆಜೋಳದ ಸೊಪ್ಪೆ, ನೀರಿನ ಡ್ರಮ್ಮು, ಎಲ್ಲವನ್ನೂ ಬೈಕಿನ ಹಿಂದೆ ಕಟ್ಟಿ ಕಟ್ಟಿ ನನ್ನ ಸೊಂಟ ಹಿಡಿದುಹೋಗಿತ್ತು. ಒಂದು ಗಾಡಿ ತಗೊಳ್ಳೋಣ ಅತ್ತೆ ಎಂದು ಕೇಳಿ ಕೇಳಿ ಸಾಕಾಗಿತ್ತು. "ಬರೀ ಗಾಡಿ ಅಂತೀಯ, ಅದ್ರ ಹಿಂದೆ ಏನೇನು ಬರ್ತೈತೆ ನೋಡಿದೀಯಾ?" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಅಂಥವಳು ಒಂದು ದಿನ ರೊಟ್ಟಿ ತಟ್ಟುತ್ತಾ "ನಾಳೆ ಚಳ್ಳಕೆರೆಗೆ ಹೋಗನ, ಗಾಡಿ ನೋಡನ" ಎಂದುಬಿಟ್ಟಳು.

ಅವಳು ಒಪ್ಪಿದ್ದೇ ನನಗೆ ಅನುಮಾನ ತಂದಿತು. ಅತ್ತೆಯ ಮನೆಯಲ್ಲಿ ಉಂಡವನಿಗೆ ಅನುಮಾನ ಬಾರದಿದ್ದರೆ ಹೇಗೆ? ಹಿಂದಿನ ವಾರವಷ್ಟೇ ದನದ ದಲ್ಲಾಳಿಯೊಬ್ಬ ರೊಪ್ಪದ ಬಾಗಿಲಿಗೆ ಬಂದು ಹೋಗಿದ್ದ. ನಾನು ಡೇರಿಯಿಂದ ಬರುವಾಗ ಅವನ ಬೆನ್ನು ಮಾತ್ರ ಕಂಡಿತ್ತು. ಏನಂತೆ ಎಂದರೆ "ಏನಿಲ್ಲ" ಎಂದಿದ್ದಳು. ಅದಾದ ಮೇಲೆ ಒಂದು ಬೆಳಿಗ್ಗೆ, ರೊಪ್ಪದಲ್ಲೇ ಎಲ್ಲಕ್ಕಿಂತ ಉದ್ದನೆಯ ಹಸುವನ್ನು ನಿಲ್ಲಿಸಿ, ಮೂತಿಯಿಂದ ಬಾಲದ ಬುಡದವರೆಗೆ ಹಗ್ಗ ಹಿಡಿದು ಅಳೆದು, ಅಳತೆಗೆ ಒಂದು ಗಂಟು ಹಾಕಿಟ್ಟುಕೊಂಡಳು. ಚಳ್ಳಕೆರೆಗೆ ಹೊರಟಾಗ ಅದೇ ಹಗ್ಗ ಅವಳ ಹೆಗಲ ಮೇಲಿತ್ತು. ನನಗೆ ಇನ್ನೇನು ಬೇಕು? ಮುದುಕಿ ದನಗಳನ್ನು ಹೇರಿ ಮಾರುವ ಹಂಚಿಕೆ ಹಾಕಿದ್ದಾಳೆ, ನನ್ನ ಕೈಯಲ್ಲೇ ಗಾಡಿ ಓಡಿಸುತ್ತಾಳೆ ಎಂದುಕೊಂಡೆ. ಆ ದನಗಳು ಹೋದರೆ ನನಗೆ ಬೇರೆ ಬದುಕೇ ಇರಲಿಲ್ಲ. ಬಸ್ಸಿನಲ್ಲಿ ಅವಳ ಪಕ್ಕ ಖಾಲಿಯಿದ್ದರೂ ಹಿಂದಿನ ಸೀಟಿನಲ್ಲಿ ಹೋಗಿ ಕೂತೆ.

ಹೆದ್ದಾರಿ ಪಕ್ಕ ಹಳೇ ಗಾಡಿಗಳ ಷೆಡ್ಡಿತ್ತು. ಅದರ ಮಾಲೀಕರು ನಗುಮುಖದ ಮನುಷ್ಯ. ದೊಡ್ಡದೊಂದು ಪಿಕಪ್ ತೋರಿಸಿ "ಬಿಲ್ಕುಲ್ ಹೊಸದರಂಗೆ ಐತ್ರಮ್ಮ. ಕಾವಲು, ಹೊಲ, ಕೆಸರು, ಎಲ್ಲೂ ನಿಲ್ಲಲ್ಲ" ಎಂದರು.

"ಏನು ಹೇರ್ತಿದ್ರು ಇದ್ರಾಗ?"

"ಟೊಮೆಟೊ ಅಮ್ಮ. ಬರೀ ಟೊಮೆಟೊ."

ಅತ್ತೆ ಹಿಂದಿನ ತೊಟ್ಟಿಗೆ ಹತ್ತಿ, ಮಂಡಿಯೂರಿ, ಮೂಲೆಯ ಬೋಲ್ಟಿನ ಸಂದಿಯಿಂದ ಏನನ್ನೋ ಎಳೆದು ಅವರ ಅಂಗೈಗಿಟ್ಟಳು. ದನದ ಬಾಲದ ಕೂದಲು. "ಟೊಮೆಟೊಗೆ ಬಾಲ ಯಾವಾಗ ಬಂತಪ್ಪ?"

ಮಾಲೀಕರು ಬಿದ್ದು ಬಿದ್ದು ನಕ್ಕರು. "ನಂಗೂ ಹಂಗೇ ಹೇಳಿ ಕೊಟ್ಟವ್ರೆ ಅಮ್ಮ. ನಾನು ಬೋಲ್ಟ್ ಕೆರೆದು ನೋಡಿರ್ಲಿಲ್ಲ."

ಅತ್ತೆ ಹೆಗಲಿನ ಹಗ್ಗ ತೆಗೆದು ತೊಟ್ಟಿಯ ಉದ್ದಕ್ಕೆ ಹಿಡಿದಳು. ಗಂಟು ಒಳಗೇ ಉಳಿಯಿತು, ಅದರಾಚೆಗೂ ಜಾಗವಿತ್ತು. ಉದ್ದನೆಯ ಹಸುವೂ ಹಿಡಿಯುತ್ತದೆ ಎಂದಾಯಿತು. ಅವಳು ಹಗ್ಗ ಸುತ್ತಿಕೊಂಡು "ಇದು ಬ್ಯಾಡ" ಎಂದಳು. ಅದಕ್ಕಿಂತ ಚಿಕ್ಕದೊಂದು ನಾಲ್ಕು ಗಾಲಿಯದು ಪಕ್ಕದಲ್ಲಿತ್ತು. ಹಗ್ಗ ಅದರೊಳಗೂ ಸರಿಯಾಗಿ ಹಿಡಿಯಿತು. "ಇದೂ ಬ್ಯಾಡ." ಕೊನೆಗೆ ಷೆಡ್ಡಿನ ಹಿಂದೆ ತರಕಾರಿ ಸಾಗಿಸುವ ಮೂರು ಗಾಲಿಯ ಲಗೇಜ್ ಆಟೊ ಒಂದು ನಿಂತಿತ್ತು. ಅಲ್ಲಿ ಗಂಟು ಹಿಂಬದಿಯ ಬಾಗಿಲು ದಾಟಿ ಹೊರಗೆ ಜೋತುಬಿತ್ತು. ಅತ್ತೆ ಆ ಗಂಟನ್ನು ಬೆರಳಿನಿಂದ ಒಮ್ಮೆ ತೂಗಾಡಿಸಿ ನೋಡಿ "ಇದಿರ್ಲಿ" ಎಂದಳು.

"ಅಮ್ಮ, ಇದ್ರಾಗ ದನ ಹಿಡಿಯಲ್ಲ" ಎಂದರು ಮಾಲೀಕರು.

"ನೋಡ್ದೆ ಕಣಪ್ಪ. ಹೊಟ್ಟು ಹಿಡೀತೈತೆ, ನೀರು ಹಿಡೀತೈತೆ, ಹಾಲಿನ ಕ್ಯಾನು ಹಿಡೀತೈತೆ. ಸಾಕು."

ಕಾವಲಿನ ಜಾಡಿನಲ್ಲಿ ಮೂರು ಗಾಲಿ ಪಲ್ಟಿ ಹೊಡೆಯುತ್ತದೆ ಎಂದು ನಾನು ಗೊಣಗಿದ್ದಕ್ಕೆ "ನಿಧಾನಕ್ಕೆ ಓಡ್ಸು" ಎಂದಳು.

ವಾಪಸು ಬರುವಾಗ ಊರಿನ ತಿರುವಿನಲ್ಲಿ ಆಟೊ ನಿಲ್ಲಿಸಿ ಕೇಳಿಯೇಬಿಟ್ಟೆ. "ದನ ಮಾರೋಕಲ್ವಾ ನೀನು ಗಾಡಿ ನೋಡಿದ್ದು? ಮತ್ತೆ ಹಗ್ಗ ಯಾಕೆ?"

ಅತ್ತೆ ನನ್ನನ್ನು ನೋಡಿದಳು. ಸಿಟ್ಟು ಬರಬಹುದೆಂದು ಹೆದರಿದ್ದೆ. ಅವಳಿಗೆ ಖುಷಿಯಾದಂತಿತ್ತು. "ಪರ್ವಾಗಿಲ್ಲ, ಅನುಮಾನ ಪಡೋದು ಕಲ್ತಿದೀಯ" ಎಂದಳು. ಆಮೇಲೆ ರಸ್ತೆ ನೋಡುತ್ತಾ ಹೇಳಿದಳು: "ನಿಮ್ಮ ಮಾವ ತೀರ್ಕಂಡ ವರ್ಸ ಒಂದು ಗೊಡ್ಡು ಆಕಳನ್ನ ಹಿಡ್ಕಂಡು ಸಂತೆಗೆ ಹೊಂಟಿದ್ದೆ. ಮೇವಿರ್ಲಿಲ್ಲ, ಮೈಯಾಗ ತ್ರಾಣ ಇರ್ಲಿಲ್ಲ, ಸಾಕಾಗಿತ್ತು. ನಡಕಂಡೇ ಹೋಗಬೇಕಲ್ಲ, ಅರ್ಧ ದಾರಿಗೆ ಅದು ಉಚ್ಚೆ ಹೊಯ್ಯಾಕೆ ನಿಂತ್ಕಂತು. ನಾನೂ ನಿಂತೆ. ನಿಂತಿದ್ದಕ್ಕೆ ಬುದ್ಧಿ ಬಂತು. ವಾಪಸ್ ಹೊಡ್ಕಂಬಂದೆ. ಗಾಡಿಯಾಗ ಹಾಕಿದ್ರೆ ಯಾರು ನಿಲ್ತಿದ್ರು?"

"ಈಗ ದಲ್ಲಾಳೀನೇ ಗಾಡಿ ತರ್ತಾನಲ್ಲತ್ತೆ?"

"ತರ್ಲಿ. ಮೊನ್ನೆ ಬಂದಿದ್ನಲ್ಲ, ಬೈದು ಓಡಿಸ್ಲಿಲ್ವ? ಬ್ಯಾರೆಯವ್ರ ಗಾಡಿ ಬಂದ್ರೆ ಬಾಗ್ಲಾಗ ನಿಂತು ಬೈಯಬೋದು. ದನ ಹಿಡಿಯೋವಂಥ ನಮ್ದೇ ಗಾಡಿ ರೊಪ್ಪದ ಮುಂದೆ ನಿಂತಿದ್ರೆ ಯಾರನ್ನ ಬೈಲಿ? ಬ್ಯಾಸರಾದ ದಿನ ಒಂದನ್ನ ಹತ್ತಿಸ್ತೀನಿ, ಮರುದಿನ ಇನ್ನೊಂದು. ನಾನು ಊರೋರ್ ಮ್ಯಾಲೆಲ್ಲ ಅನುಮಾನ ಪಡ್ತೀನಿ ಅಂತಾರೆ. ಅವ್ರೇನು ಮಾಡ್ಯಾರು? ನಂಗೆ ಅನುಮಾನ ಇರೋದು ನನ್ ಮ್ಯಾಲೆ ಕಣೋ."

ಈ ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಅತ್ತೆಯನ್ನು ಹೊಗಳಿ ಸುಮ್ಮನಾಗಬಹುದಿತ್ತು. ಮುಂದಿನ ಬೇಸಿಗೆಯಲ್ಲಿ ಕೆಂದಿ ಎಂಬ ಹಸುವಿಗೆ ಹೆರಿಗೆ ಕಷ್ಟವಾಯಿತು. ಕರು ಒಳಗೇ ಅಡ್ಡ ತಿರುಗಿತ್ತು. ದನದ ಡಾಕ್ಟರಿಗೆ ಫೋನ್ ಮಾಡಿದರೆ, ಕಾಯಬೇಡಿ, ಗಾಡಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೇ ಬನ್ನಿ ಎಂದರು. ಊರಿನ ಪಿಕಪ್ಪುಗಳು ಈರುಳ್ಳಿ ಹೇರಿಕೊಂಡು ಹೋಗಿದ್ದವು. ನಾನು ಆಟೊ ತೆಗೆದುಕೊಂಡು ಚಳ್ಳಕೆರೆಗೆ ಹೋಗಿ, ಡಾಕ್ಟರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು. ಕರು ಉಳಿಯಿತು. ಕೆಂದಿ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟುಕೊಂಡೇ ಸತ್ತಿತು.

ನನಗೆ ತಡೆಯಲಾಗದ ಸಿಟ್ಟು ಬಂತು. "ದೊಡ್ಡ ಗಾಡಿ ತಗಂಡಿದ್ರೆ ಬದುಕ್ತಿತ್ತು" ಎಂದು ಡಾಕ್ಟರ ಮುಂದೆಯೇ ಕೂಗಿದೆ.

"ಬದುಕ್ತಿತ್ತು. ಇಲ್ಲ ಅನ್ನಲ್ಲ" ಎಂದಳು ಅತ್ತೆ. "ಇದು ನನ್ ತಲೆ ಮ್ಯಾಲಿರ್ಲಿ. ಆದ್ರೆ ದೊಡ್ಡ ಗಾಡಿ ಇದ್ದಿದ್ರೆ ಈ ಬ್ಯಾಸಿಗ್ಯಾಗ ನಾನು ಎಷ್ಟನ್ನ ಕಳಿಸಿರ್ತಿದ್ದೆ ಅನ್ನೋದು ನಿಂಗೊತ್ತಿಲ್ಲ." ಆ ದಿನ ಅವಳು ಊಟ ಮಾಡಲಿಲ್ಲ. ಅವಳದು ಸರಿಯೋ ನನ್ನದು ಸರಿಯೋ ಎಂದು ಈಗ ಕೇಳಿದರೂ ನಾನು ಹೇಳಲಾರೆ. ಕೆಂದಿಯ ಕರುವಿಗೆ ಬಾಟಲಿಯಲ್ಲಿ ಹಾಲು ಕುಡಿಸಿದ್ದು ಮಾತ್ರ ಅವಳೇ, ನನ್ನನ್ನು ಹತ್ತಿರ ಬಿಡಲಿಲ್ಲ.

ಅತ್ತೆ ಹಾಸಿಗೆ ಹಿಡಿದದ್ದು ಆಚೆ ವರ್ಷದ ಚಳಿಗಾಲದಲ್ಲಿ. ರೊಪ್ಪ ಕಾಣುವಂತೆ ಪಡಸಾಲೆಯಲ್ಲಿ ಮಂಚ ಹಾಕಿಸಿಕೊಂಡಿದ್ದಳು. ಮೊಳಕಾಲ್ಮುರಿನಿಂದ ನನ್ನ ಅಣ್ಣ ಬಂದ. ಅವನದು ರೇಷ್ಮೆ ಸೀರೆಯ ವ್ಯಾಪಾರ, ಕೊಟ್ಟ ಮಾತಿಗೆ ತಪ್ಪದವನೆಂದು ಊರಲ್ಲೆಲ್ಲ ಹೆಸರು. ಅತ್ತೆಯ ಕೈ ಹಿಡಿದುಕೊಂಡು "ದನಗಳ ಯೋಚ್ನೆ ನಿಂಗೆ ಬ್ಯಾಡತ್ತೆ. ನಾನು ನೋಡ್ಕಂತೀನಿ. ದೇವರಾಣೆಗೂ ಒಂದನ್ನೂ ಮಾರಲ್ಲ" ಎಂದ. ಕಣ್ಣಲ್ಲಿ ನೀರಿತ್ತು, ಅವನು ಸುಳ್ಳು ಹೇಳುವವನಲ್ಲ.

ಅತ್ತೆ ಅವನ ಕೈ ತಟ್ಟಿ ನನ್ನ ಕಡೆ ತಿರುಗಿದಳು. "ನೀನು ಮಾರ್ತೀಯೇನ್ಲೇ?"

ಇಲ್ಲ ಎನ್ನಬೇಕು ಎಂದು ಬಾಯಿ ತೆರೆದೆ. ಆ ಅರ್ಧ ಮುಚ್ಚಿದ ಕಣ್ಣಿನ ಮುಂದೆ ಆ ಮಾತು ಹೊರಡಲಿಲ್ಲ. "ಗೊತ್ತಿಲ್ಲತ್ತೆ" ಎಂದೆ. ಅಣ್ಣ ನನ್ನ ತೋಳು ಜಿಗುಟಿದ.

"ಹಂಗಾದ್ರೆ ಇವ್ನ ಹತ್ರಾನೇ ಇರ್ಲಿ" ಎಂದಳು ಅತ್ತೆ. ಅಣ್ಣನ ಮುಖ ಸಣ್ಣದಾದದ್ದನ್ನು ಕಂಡು ಅವನಿಗೆ ಸಮಾಧಾನ ಹೇಳಿದಳು. "ನೀನು ಒಳ್ಳೇನು ಕಣಪ್ಪ. ಮಾರಲ್ಲ ಅಂತ ಗೊತ್ತಿರೋನು ನಿದ್ದೆ ಮಾಡ್ತಾನೆ. ಇವ್ನು ಎದ್ದಿರ್ತಾನೆ."

ಅದಾಗಿ ಕೆಲವು ದಿನಗಳಿಗೆ, ಹಾಲು ಕರೆಯುವ ಹೊತ್ತಿನಲ್ಲಿ ಅತ್ತೆ ತೀರಿಕೊಂಡಳು.

ಈ ಬೇಸಿಗೆಯಲ್ಲಿ ಮೇವು ಮುಗಿಯುತ್ತಾ ಬಂತು. ನನ್ನ ಸೊಂಟ ಮತ್ತೆ ಹಿಡಿದುಕೊಂಡಿತು, ಒಂದು ಹಸು ಒದ್ದು ಕ್ಯಾನಿನ ಹಾಲೆಲ್ಲ ಚೆಲ್ಲಿತು. ಆ ಸಂಜೆ ನಾನಾಗಿಯೇ ದಲ್ಲಾಳಿಯ ನಂಬರು ಒತ್ತಿದೆ. ಆ ಕಡೆಯಿಂದ ಹಲೋ ಎನ್ನುತ್ತಲೇ ಕಟ್ ಮಾಡಿದೆ. ಹೋಗಿ ರೊಪ್ಪದ ಬಾಗಿಲಿಗೆ ಬೆನ್ನು ಕೊಟ್ಟು, ಕತ್ತಲಾಗುವವರೆಗೆ ಕೂತಿದ್ದೆ. ದನಗಳನ್ನು ನಾನೇ ನನ್ನಿಂದ ಕಾಯಬೇಕಾಗಿತ್ತು.