ಆರನೆಯ ಹಂಡೆ

ದೊರ್ವಲಿನೊ ಫಗುಂದೆಸ್‌ನನ್ನು ವಾಲಿ ದೊ ಸೆದ್ರು ಊರಿನಲ್ಲಿ ಎರಡು ಕಾರಣಕ್ಕೆ ಎಲ್ಲರೂ ಬಲ್ಲರು. ಊರಿನ ಅರ್ಧ ಗೋಡೆಗಳನ್ನು ಕಟ್ಟಿದವನು ಅವನೇ. ಒಂದು ಕಾಲದಲ್ಲಿ ಆ ಗೋಡೆಗಳ ಬುಡದಲ್ಲೇ ಕುಡಿದು ಬಿದ್ದಿರುತ್ತಿದ್ದವನೂ ಅವನೇ. ಕೆಲಸದಲ್ಲಿ ಮಾತ್ರ ಮೋಸವಿರಲಿಲ್ಲ. ಅವನು ಕುಡಿದು ಕಟ್ಟಿದ ಗೋಡೆಯೂ ನೆಟ್ಟಗೇ ನಿಲ್ಲುತ್ತಿತ್ತು, ನೆಟ್ಟಗೆ ನಿಲ್ಲಲಾಗದೆ ಹೋದದ್ದು ಅವನಿಗೆ.

ಹನ್ನೊಂದು ವರ್ಷದ ಹಿಂದೆ ಅವನ ಹೆಂಡತಿ ನೇವಾ ಬಟ್ಟೆಬರೆ ಕಟ್ಟಿಕೊಂಡು ಕಶಿಯಾಸ್ ಪಟ್ಟಣದಲ್ಲಿದ್ದ ಅಕ್ಕನ ಮನೆಗೆ ಹೊರಟುಹೋದಳು. ಐದು ತಿಂಗಳ ಮೇಲೆ, ಅವನು ಕುಡಿತ ಬಿಟ್ಟಿದ್ದಾನೆಂದು ನಾಲ್ಕು ಜನ ಹೇಳಿದ ಮೇಲೆ, ತಿರುಗಿ ಬಂದಳು. ಒಳಗೆ ಕಾಲಿಡದೆ ಹೊಸ್ತಿಲಲ್ಲೇ ನಿಂತು ಹೇಳಿದಳು.

"ನೋಡು, ಇನ್ನೊಂದು ಸಲ ಆ ವಾಸನೆ ಬಂದ್ರೆ ನಾನು ಜಗಳ ಆಡಲ್ಲ, ಅಳೋದೂ ಇಲ್ಲ. ಕೈಚೀಲ ತಗೊಂಡು ಹೋಗ್ತಾ ಇರ್ತೀನಿ. ಆಮೇಲೆ ನೀನು ಕರೆಯೋಕೂ ಬರಬೇಡ."

ಅಂದಿನಿಂದ ದಿನಾ ಸಂಜೆ ಅವನು ಕೆಲಸದಿಂದ ಬಂದು ಬಾಗಿಲಲ್ಲಿ ನಿಲ್ಲುವುದು, ಅವಳು ಅವನ ಬಾಯಿಯ ಹತ್ತಿರ ಮೂಗು ತಂದು, ಹಾಲು ಕೆಟ್ಟಿದೆಯೋ ಎಂದು ನೋಡುವ ಹಾಗೆ ಮೂಸುವುದು. ಬೀದಿಯವರೆಲ್ಲ ನೋಡುತ್ತಿದ್ದರು, ನಗುತ್ತಿದ್ದರು. ಅವನು ತುಟಿ ಪಿಟಕ್ಕೆನ್ನದೆ ನಿಲ್ಲುತ್ತಿದ್ದ. ಹೀಗೆ ನಾಲ್ಕು ವರ್ಷ. ಆಮೇಲೊಂದು ಸಂಜೆ ಅವಳು ಬಾಗಿಲು ತೆಗೆದವಳೇ ಒಲೆಯ ಕಡೆ ಹೊರಟುಹೋದಳು. ಮರೆತಳೇನೋ ಎಂದು ಅವನು ಸ್ವಲ್ಪ ಹೊತ್ತು ಅಲ್ಲೇ ಕಾದ. ಅವಳು ಮರೆತಿರಲಿಲ್ಲ. ಅವನು ಹಿತ್ತಲಿಗೆ ಹೋಗಿ ಮನಸಾರೆ ಅತ್ತು, ಮುಖ ತೊಳೆದುಕೊಂಡು ಬಂದು ಊಟಕ್ಕೆ ಕೂತ.

ಅವನನ್ನು ಕುಡಿತದಿಂದ ಎಳೆದು ತಂದದ್ದು ಮೆಥಡಿಸ್ಟ್ ಚರ್ಚಿನ ಗಂಡಸರ ಸಂಘ, ಅದರಲ್ಲೂ ಆಗಿನ ಅಧ್ಯಕ್ಷ ಮುದುಕ ಎವುಕ್ಲಿದೆಸ್. ರೊಟ್ಟಿ ಮುರಿದು ಲೋಟ ಹಂಚುವ ಮೆಥಡಿಸ್ಟರ ಪ್ರಭುಭೋಜನದಲ್ಲಿ ವೈನ್ ಇಲ್ಲ, ಹುಳಿಯಾಗದ ದ್ರಾಕ್ಷಿರಸ ಮಾತ್ರ. ಸುತ್ತ ಬೆಟ್ಟದ ತುಂಬ ವೈನ್ ಮಾಡುವ ಇಟಾಲಿಯನ್ ಮನೆಗಳು, ನಡುವೆ ನಮ್ಮವರು ಹಂಡೆಯಲ್ಲಿ ದ್ರಾಕ್ಷಿ ಕಾಯಿಸುತ್ತ ಕೂತಿರುತ್ತಾರೆ. "ದ್ರಾಕ್ಷಿ ಬೇಯಿಸಿ ಸಾಯಿಸೋರು ಬಂದ್ರು" ಎಂದು ನೆರೆಯವರ ತಮಾಷೆ. ಪ್ರತಿ ಫೆಬ್ರವರಿಯಲ್ಲಿ ಗಂಡಸರ ಸಂಘ ಮಾಡಿದ ಆ ರಸವೇ ವರ್ಷದ ಕೊನೆಗೆ ಚರ್ಚುಗಳ ಪ್ರಾಂತ್ಯ ಸಮ್ಮೇಳನಕ್ಕೂ ಹೋಗುತ್ತದೆ. ಎವುಕ್ಲಿದೆಸ್ ಆ ರಸ ಮಾಡಿ ಇಡುವ ಚರ್ಚಿನ ನೆಲಮಾಳಿಗೆಯ ಕೀಲಿಯನ್ನು ದೊರ್ವಲಿನೊವಿನ ಕೈಗೆ ಕೊಟ್ಟಾಗ ಸಂಘದಲ್ಲಿ ಗದ್ದಲವೋ ಗದ್ದಲ.

"ಎವುಕ್ಲಿದೆಸ್ ಯಜಮಾನ್ರೇ, ಕುಡುಕನ ಕೈಗೆ ದ್ರಾಕ್ಷಿ ಕೊಡ್ತೀರಲ್ಲ, ತಲೆ ನೆಟ್ಟಗಿದೆಯಾ?"

"ಇನ್ಯಾರ ಕೈಗೆ ಕೊಡಲಿ? ನಿಮ್ಮಲ್ಲಿ ಅದಕ್ಕೆ ಹೆದರೋನು ಅವನೊಬ್ಬನೇ" ಎಂದ ಮುದುಕ.

ಹೆದರುತ್ತಿದ್ದದ್ದು ನಿಜ. ಉಷ್ಣಮಾಪಕವನ್ನು ಹಂಡೆಯಿಂದ ತೆಗೆಯಲು ಬಿಡುತ್ತಿರಲಿಲ್ಲ. ಸರಿಯಾಗಿ ಕಾಯದೆ ತುಂಬಿದರೆ ಬಾಟಲಿಯೊಳಗೆ ರಸ ಹುಳಿಯುತ್ತದೆ, ಹುಳಿದರೆ ವೈನ್. ಅದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬಿಸಿಬಿಸಿಯಾಗಿ ತುಂಬಿ, ಬಿರಡೆ ಬಿಗಿದು, ಎಷ್ಟನೆಯ ಹಂಡೆಯದೆಂದು ಚೀಟಿ ಕಟ್ಟುತ್ತಿದ್ದ. ಬಿರಡೆ ಬಿದ್ದ ಮೇಲೆ ಒಂದು ಹನಿಯನ್ನೂ ರುಚಿ ನೋಡುತ್ತಿರಲಿಲ್ಲ. ರುಚಿ ನೋಡುವುದು ಇನ್ನೊಬ್ಬರ ಕೆಲಸ. ಅದು ಅವನು ತನಗೆ ತಾನೇ ಹಾಕಿಕೊಂಡ ಕಟ್ಟು.

ಈ ವರ್ಷ ಆರು ಹಂಡೆ. ಐದು ಅವನ ಕೈಯಲ್ಲಿ ಆದವು. ಬಾಟಲಿ ಸಾಲದೆ ತರಲು ಹೋಗಿದ್ದಾಗ ಆರನೆಯದನ್ನು ಈಗಿನ ಅಧ್ಯಕ್ಷ ಅಡೆಲಾರ್ ನೋಡಿಕೊಂಡ. ಅಡೆಲಾರ್ ಕಬ್ಬಿಣದ ಅಂಗಡಿಯವನು, ಸದಾ ಅವಸರದ ಮನುಷ್ಯ. ದೊರ್ವಲಿನೊ ತಿರುಗಿ ಬರುವಷ್ಟರಲ್ಲಿ ಹಂಡೆ ಇಳಿಸಿ ಬಾಟಲಿ ತುಂಬಿಯೂ ಆಗಿತ್ತು.

"ಕಾದಿತ್ತಾ?"

"ಹೊಗೆ ಬರ್ತಿತ್ತಲ್ಲ ಮಾರಾಯ, ಇನ್ನೆಷ್ಟು ಕಾಯಬೇಕು? ನಂಗೆ ಮೀಟಿಂಗ್ ಇದೆ."

"ಹಂಗಾದ್ರೆ ಇದು ಸಮ್ಮೇಳನಕ್ಕೆ ಬೇಡಣ್ಣ. ಬೇರೆ ಇಡ್ತೀನಿ."

"ಇಡು ಇಡು" ಎಂದು ಅಡೆಲಾರ್ ಹೊರಟುಹೋದ. ದೊರ್ವಲಿನೊ ಚೀಟಿಗಳ ಮೇಲೆ ಆರು ಎಂದು ಬರೆದು ಆ ಬಾಟಲಿಗಳನ್ನು ಮೂಲೆಯಲ್ಲಿ ಜೋಡಿಸಿದ.

ನವೆಂಬರ್ ಕೊನೆಗೆ ಸಮ್ಮೇಳನ ನಮ್ಮೂರಲ್ಲೇ ಸೇರಿತು. ಮುನ್ನೂರು ಚಿಲ್ಲರೆ ಪ್ರತಿನಿಧಿಗಳು, ಪಾದ್ರಿಗಳು, ಬಿಷಪ್. ಗಂಡಸರ ಸಂಘದವರೆಲ್ಲ ಒಂದೇ ತರಹದ ಬಿಳಿ ಅಂಗಿ. ಸಮ್ಮೇಳನಕ್ಕೆ ವಾರದ ಮುಂಚೆಯೇ ಅಡೆಲಾರ್ ಕೀಲಿ ಇಸಿದುಕೊಂಡು ಆಳುಗಳನ್ನು ಬಿಟ್ಟು ಬಾಟಲಿಗಳನ್ನೆಲ್ಲ ನೆಲಮಾಳಿಗೆಯಿಂದ ಮೇಲಕ್ಕೆ ತರಿಸಿ, ಚರ್ಚಿನ ಅಡುಗೆಮನೆಯಲ್ಲಿ ಒಲೆಯ ಪಕ್ಕದ ಗೋಡೆಗೆ ಪೇರಿಸಿದ್ದ. ಯಾವ ಹಂಡೆಯದು ಎಲ್ಲಿ ಎಂದು ಯಾರೂ ನೋಡಲಿಲ್ಲ.

ಕೊನೆಯ ದಿನ ಬೆಳಿಗ್ಗೆ ಪ್ರಭುಭೋಜನ. ದೊರ್ವಲಿನೊ ಬಸ್ ನಿಲ್ದಾಣಕ್ಕೆ ಹೋಗಿ ಜಂದಿರ್‌ನನ್ನು ಕರೆತಂದ. ಜಂದಿರ್ ಮಾಂಸದಂಗಡಿಯಲ್ಲಿ ಕೆಲಸ ಮಾಡುವವನು, ಮೂವತ್ತರ ಹತ್ತಿರದ ಗಂಡಸು. ಕುಡಿತ ಬಿಟ್ಟು ಅಂದಿಗೆ ನಲವತ್ತೊಂದು ದಿನ.

"ಅಷ್ಟು ಜನರ ಮಧ್ಯೆ ಹೆಂಗಣ್ಣ ಕೂರೋದು?"

"ಎರಡನೇ ಸಾಲಲ್ಲಿ ಕೂರು. ಹಿಂದೆ ಕೂತ್ರೆ ಬಾಗಿಲು ಕಾಣ್ಸುತ್ತೆ, ಎದ್ದು ಹೋಗ್ತೀಯ. ನಾನೂ ಹಂಗೇ ಹೋಗ್ತಿದ್ದೆ."

ಜಂದಿರ್‌ನನ್ನು ಕೂರಿಸಿ ಅಡುಗೆಮನೆಗೆ ಬಂದ. ಬಾಳೆಹಣ್ಣಿನ ಕೂಕಾ ಕೇಕು ಬಟ್ಟೆ ಮುಚ್ಚಿಕೊಂಡು ಕೂತಿತ್ತು, ಬಿಷಪ್ಪರ ಮೇಜಿಗೆಂದು ನೇವಾ ಮಾಡಿದ್ದು. ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡ. ಆಗಲೇ ಅಡೆಲಾರ್ ಓಡಿಬಂದ.

"ಲೋಟಗಳನ್ನೆಲ್ಲ ತುಂಬಿ ಒಳಗೆ ಕಳಿಸ್ದೆ. ಇಪ್ಪತ್ತು ಕಮ್ಮಿ ಬಿದ್ವು. ಒಂದು ಬಾಟ್ಲಿ ತೆಗ್ದು ತುಂಬಿ ತಾ, ಬೇಗ."

"ರುಚಿ ನೋಡಿದ್ರಾ ಅಣ್ಣ?"

"ಆಯ್ತು ಆಯ್ತು" ಎನ್ನುತ್ತ ಅವನು ಹೋದ.

ದೊರ್ವಲಿನೊ ಒಂದು ಬಾಟಲಿಯ ಬಿರಡೆಗೆ ಕೈಹಾಕಿದ. ಬಿರಡೆ ತಾನಾಗಿಯೇ ಡಬ್ಬೆಂದು ಹಾರಿತು. ನೊರೆ ಅವನ ಮುಖಕ್ಕೆ, ಎದೆಗೆ, ತೋಳಿಗೆ ರಾಚಿತು. ಅವನು ತುಟಿ ಬಿಗಿಹಿಡಿದು, ಉಸಿರು ಕಟ್ಟಿ, ನಲ್ಲಿಯ ಹತ್ತಿರ ಓಡಿದ. ಮೀಸೆ, ತುಟಿ, ಗಲ್ಲ ಎಲ್ಲ ತಿಕ್ಕಿ ತಿಕ್ಕಿ ತೊಳೆದ. ಹನ್ನೊಂದು ವರ್ಷ ಹತ್ತಿರ ಸೇರಿಸದಿದ್ದ ಆ ವಾಸನೆ ಈಗ ಅವನ ಮೈಮೇಲೆಲ್ಲ ಇತ್ತು. ಹೊಟ್ಟೆಯೊಳಗೆ ಏನೋ ಎದ್ದು ಕೂತು ಒಂದು ಗುಟುಕು ಕೇಳಿತು. ಅದು ಇನ್ನೂ ಕೇಳುತ್ತದೆಂಬುದೇ ಅವನಿಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಿತು.

ಬಾಟಲಿಯ ಚೀಟಿ ನೋಡಿದ: ಆರು. ಗೋಡೆಯ ಬದಿಗೆ ಸಾಲಾಗಿ ನಿಂತ ಖಾಲಿ ಬಾಟಲಿಗಳನ್ನು ನೋಡಿದ. ಆರು, ಆರು, ಆರು. ಒಳಗೆ ಜಂದಿರ್‌ನ ಕೈಯಲ್ಲಿ ಈಗ ಇದೇ ಲೋಟ ಇರುತ್ತದೆ. ಲೋಟ ಎಲ್ಲರ ಕೈಗೆ ಮುಟ್ಟಿದ ಮೇಲೆ ಬಿಷಪ್ ಹೇಳುತ್ತಾರೆ, ಎಲ್ಲರೂ ಒಟ್ಟಿಗೆ ಕುಡಿಯುತ್ತಾರೆ. ನಲವತ್ತೊಂದು ದಿನದವನಿಗೆ ಒಂದು ಗುಟುಕು ಸಾಕು. ಮೂರನೆಯ ಸಾಲಲ್ಲಿ ನೇವಾ ಕೂತಿದ್ದಾಳೆ. ಈ ಅಂಗಿಯಲ್ಲಿ ಅವಳ ಮುಂದೆ ಹೋಗಿ ನಿಲ್ಲಬೇಕು.

ಅಂಗಿ ಬದಲಾಯಿಸಲು ಇನ್ನೊಂದಿರಲಿಲ್ಲ, ಹೊತ್ತೂ ಇರಲಿಲ್ಲ. ಪಕ್ಕದ ಬಾಗಿಲಿಗೆ ಬಂದ. ಅಲ್ಲಿ ನಿಂತಿದ್ದ ಅಡೆಲಾರ್ ಅವನನ್ನು ನೋಡಿ ಮುಖ ಸಿಂಡರಿಸಿದ.

"ಅಯ್ಯೋ ದೇವ್ರೇ, ಇವತ್ತೇ ಬೇಕಿತ್ತಾ ನಿಂಗೆ?" ಎಂದ ಮೆಲ್ಲಗೆ.

"ಕುಡಿದಿಲ್ಲ. ಅದು ಆರನೇ ಹಂಡೆದು. ಹುಳಿದಿದೆ. ನಿಲ್ಲಿಸಿ."

ಅಡೆಲಾರ್‌ನ ಮುಖ ಬಿಳಿಚಿತು. ಆದರೂ ಬಾಗಿಲಿಗೆ ಅಡ್ಡ ಚಾಚಿದ ತೋಳನ್ನು ತೆಗೆಯಲಿಲ್ಲ. "ಒಂದೊಂದು ಗುಟುಕು, ಏನೂ ಆಗಲ್ಲ. ಮನೆಗೆ ಹೋಗು ನೀನು. ಮಾನ ಕಳೀಬೇಡ."

ಒಳಗೆ ಬಿಷಪ್ ಲೋಟ ಎತ್ತುತ್ತಿದ್ದರು. ದೊರ್ವಲಿನೊ ಅಡೆಲಾರ್‌ನ ತೋಳು ತಳ್ಳಿ ನುಗ್ಗಿದ.

"ಕುಡೀಬೇಡಿ. ಅದು ವೈನು. ಯಾರೂ ಕುಡೀಬೇಡಿ."

ಮುನ್ನೂರು ತಲೆಗಳು ತಿರುಗಿದವು. ಬಿಳಿ ಅಂಗಿಯ ಮೇಲೆ ಕಡುನೇರಳೆ ಕಲೆ, ಮೀಸೆಯಿಂದ ತೊಟ್ಟಿಕ್ಕುವ ನೀರು. "ವಾಸನೆ ಇಲ್ಲಿಗೇ ಬರ್ತಿದೆ" ಎಂದಿತು ಹಿಂದಿನಿಂದ ಒಂದು ದನಿ. ಯಾರೋ ಕಿಸಕ್ಕೆಂದರು. ಎರಡನೆಯ ಸಾಲಲ್ಲಿ ಜಂದಿರ್‌ನ ಲೋಟ ತುಟಿಯಿಂದ ಒಂದು ಗೇಣು ದೂರದಲ್ಲಿ ಹಾಗೇ ನಿಂತಿತ್ತು.

ಬಿಷಪ್ ತಮ್ಮ ಲೋಟವನ್ನು ಮೂಸಿ, ನಾಲಿಗೆಗೆ ಸೋಕಿಸಿ, ಕೆಳಗಿಟ್ಟರು. "ಅವರು ಹೇಳ್ತಿರೋದು ನಿಜ" ಎಂದರು. ಆಮೇಲೆ ದೊರ್ವಲಿನೊವಿನ ಕಡೆ ತಿರುಗಿ, "ನೀವು ಕುಡಿದಿದ್ದೀರಾ ಸಹೋದರರೇ?"

"ಇಲ್ಲ."

ಹಿಂದೆಯೇ ಬಂದಿದ್ದ ಅಡೆಲಾರ್‌ಗೆ ನಾಚಿಕೆ ಎನ್ನುವುದೊಂದು ಇದ್ದಿದ್ದರೆ ಆಗಲಾದರೂ ಸುಮ್ಮನಿರುತ್ತಿದ್ದ. "ನೆಲಮಾಳಿಗೆ ಕೀಲಿ ಇವನ ಹತ್ರಾನೇ ಇರೋದು ಬಿಷಪ್ಪರೇ. ನನ್ನ ಮಾತು ಬೇಡ, ಇವನ ಹೆಂಡತಿನೇ ಇದ್ದಾರಲ್ಲ. ದೋನಾ ನೇವಾ, ಬನ್ನಿ, ಮುಂಚೆ ಮೂಸ್ತಿದ್ರಲ್ಲ, ಹಂಗೇ ಒಂದು ಸಲ ಮೂಸಿ ಹೇಳ್ಬಿಡಿ. ನಿಮಗೆ ಗೊತ್ತಾಗುತ್ತೆ."

ನೇವಾ ಎದ್ದಳು. ಏಳುವಾಗ ಕೈಚೀಲವನ್ನು ಎತ್ತಿಕೊಂಡಳು.

ಆ ಕೈಚೀಲದ ಅರ್ಥ ದೊರ್ವಲಿನೊವಿಗೆ ಮಾತ್ರ ಗೊತ್ತು. ಸಾಲಿನಿಂದ ಹೊರಬಂದು ಅವಳು ನಡುದಾರಿಯಲ್ಲಿ ನಿಂತಳು. ಎಡಕ್ಕೆ ಹೋದರೆ ಬೀದಿಯ ಬಾಗಿಲು, ಬಲಕ್ಕೆ ಅವನು. ಕರೆಯಬೇಕೆನಿಸಿತು, ಆದರೆ ಕರೆಯಬೇಡ ಎಂದು ಅವಳೇ ಹೇಳಿದ್ದಳು.

ಅವಳು ಬಲಕ್ಕೆ ತಿರುಗಿದಳು. ಹತ್ತಿರ ಬಂದು, ಅವನಿಗೆ ಬೆನ್ನು ಹಾಕಿ, ಅಡೆಲಾರ್‌ನ ಎದುರು ನಿಂತಳು.

"ಮೂಸೋದು ಬಿಟ್ಟು ಏಳು ವರ್ಷ ಆಯ್ತು. ಇವತ್ತು ನಿಮಗೋಸ್ಕರ ಮತ್ತೆ ಶುರು ಮಾಡಲ್ಲ ನಾನು. ಇವರು ಕುಡಿದಿಲ್ಲ ಅಂದ್ರಲ್ಲ, ಕುಡಿದಿಲ್ಲ. ಅಷ್ಟೇ."

ಜಂದಿರ್ ಎದ್ದು ತನ್ನ ಲೋಟವನ್ನು ತಟ್ಟೆಯಲ್ಲಿಟ್ಟ. ಗಾಜು ಟಿಣ್ಣೆಂದಿತು, ಆದರೆ ಒಂದು ಹನಿಯೂ ಚೆಲ್ಲಲಿಲ್ಲ. ಪಕ್ಕದವರೂ ಇಟ್ಟರು, ಸಾಲು ಸಾಲಾಗಿ ಎಲ್ಲರೂ ಇಟ್ಟರು. "ಇವತ್ತಿಗೆ ರೊಟ್ಟಿ ಸಾಕು" ಎಂದರು ಬಿಷಪ್. ಅಡೆಲಾರ್ ತನ್ನ ಬೂಟು ನೋಡುತ್ತ ನಿಂತಿದ್ದ. ಆರನೆಯ ಹಂಡೆಯನ್ನು ಇಳಿಸಿದ್ದು ತಾನೇ, ಆ ಬೆಳಿಗ್ಗೆ ಲೋಟ ತುಂಬುವಾಗ ವಾಸನೆ ಬಂದರೂ ಸುಮ್ಮನಿದ್ದವನೂ ತಾನೇ ಎಂದು ಬಾಯಿಬಿಟ್ಟದ್ದು ಮುಂದಿನ ಫೆಬ್ರವರಿಯಲ್ಲಿ, ಯಾರೂ ಕೇಳದೆ ಇದ್ದಾಗ. ಅಷ್ಟಾದರೂ ಆಯಿತಲ್ಲ ಎಂದುಕೊಳ್ಳಬೇಕು.

ಅಡುಗೆಮನೆಯಲ್ಲಿ ನೇವಾ ಅವನ ಅಂಗಿ ಬಿಚ್ಚಿಸಿ ಬಕೆಟ್ಟಿನಲ್ಲಿ ನೆನೆಹಾಕಿದಳು. ನೀರು ನೇರಳೆಯಾಯಿತು. ಅವಳು ಸೋಪು ಹಚ್ಚುತ್ತಲೇ ಇದ್ದಳು, ತಲೆ ಎತ್ತಲಿಲ್ಲ. ಕೈಚೀಲ ಇನ್ನೂ ಅವಳ ಮೊಳಕೈಯಲ್ಲೇ ತೂಗುತ್ತಿತ್ತು. ನೀರಿನೊಳಗೆ ಅವಳ ಕೈಗಳು ನಡುಗುತ್ತಿದ್ದದ್ದು ದೊರ್ವಲಿನೊವಿಗೆ ಕಂಡಿತು. ತಾನು ಕುಡಿದಿದ್ದಾನೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ ಎಂದು ಆಗ ಅವನಿಗೆ ಹೊಳೆಯಿತು. ಗೊತ್ತಿಲ್ಲದೆಯೇ ಅಷ್ಟು ಜನರ ಮುಂದೆ ಹಾಗೆ ಹೇಳಿಬಿಟ್ಟಿದ್ದಳು.

"ನೇವಾ, ಒಂದು ಸಲ ಮೂಸು."

"ಅಲ್ಲಿ ಹೇಳಿದ್ದು ಕೇಳಿಸಲಿಲ್ವಾ?"

"ಅದು ಅವರಿಗೆ ಹೇಳಿದ್ದು. ನಿಂಗೆ ಗೊತ್ತಾಗ್ಬೇಕಲ್ಲ."

ಅವಳು ಒದ್ದೆ ಕೈಗಳನ್ನು ಲಂಗಕ್ಕೆ ಒರೆಸಿಕೊಂಡಳು. ಹತ್ತಿರ ಬಂದು, ಕಣ್ಣು ಮುಚ್ಚಿ, ಹಳೆಯ ಹಾಗೆಯೇ ಅವನ ಬಾಯಿಯ ಹತ್ತಿರ ಮೂಗು ತಂದಳು. ಬಹಳ ಹೊತ್ತು ಹಾಗೇ ನಿಂತಿದ್ದಳು.

"ಬಾಳೆಹಣ್ಣಿನ ಕೂಕಾ" ಎಂದಳು. "ಬಿಷಪ್‌ಗೆ ಅಂತ ಮುಚ್ಚಿಟ್ಟಿದ್ದು, ಕಳ್ಳ."

ಆಮೇಲೆ ಕೈಚೀಲವನ್ನು ಮೊಳೆಗೆ ತಗುಲಿಹಾಕಿ, ಅವನ ಬರಿಯ ಎದೆಗೆ ಹಣೆ ಒತ್ತಿ ಅಳತೊಡಗಿದಳು.